ಹತ್ತು ಸಾವಿರದಲ್ಲಿ ಒಳ್ಳೆಯ ಸ್ಟೀರಿಯೊ: ವ್ಯಾಟ್ ಕೇಳಬೇಡಿ, ದನಿ ಕೇಳಿ

ಹತ್ತು ಸಾವಿರ ರೂಪಾಯಿಯಲ್ಲಿ ಮನೆಗೊಂದು ಒಳ್ಳೆಯ ಸ್ಟೀರಿಯೊ ಮಾಡಿಕೊಳ್ಳಬಹುದು ಎಂದರೆ ಎರಡು ಬಗೆಯ ಜನ ನಗುತ್ತಾರೆ. ಲಕ್ಷಗಟ್ಟಲೆ ಸುರಿದವರು ‘ಅಷ್ಟಕ್ಕೆ ವೈರೂ ಬರಲ್ಲ’ ಅನ್ನುತ್ತಾರೆ. ಮೊಬೈಲಿನಲ್ಲೇ ಎಲ್ಲ ಮುಗಿಸುವವರು ‘ಎರಡು ಸಾವಿರದ ಬ್ಲೂಟೂತ್ ಡಬ್ಬಿ ಇರುವಾಗ ಇದೆಲ್ಲ ಯಾಕೆ’ ಅನ್ನುತ್ತಾರೆ. ಇಬ್ಬರ ಮಾತನ್ನೂ ನಾವು ಒಪ್ಪುವುದಿಲ್ಲ.

ನಾವು ಅಂದರೆ ಸುದ್ದಿಗಿಷ್ಟು ಅಂತ ಎಣಿಸಿ ದುಡ್ಡು ಪಡೆಯುವ ಜಿಲ್ಲಾ, ತಾಲ್ಲೂಕು ವರದಿಗಾರರು. ತಿಂಗಳ ಕೊನೆಗೆ ಪೆಟ್ರೋಲಿನ ಲೆಕ್ಕ ಹಾಕುವವರು. ಆದರೂ ಕೇಳುವುದೇ ನಮ್ಮ ಕಸುಬು. ಸೋಬಾನೆ ಹಾಡುವ ಅಜ್ಜಿ, ಗೀಗೀ ಮೇಳದವರು, ಸಣ್ಣಾಟದ ಹಿರಿಯರು, ಯಾರೇ ಸಿಕ್ಕರೂ ನಮ್ಮ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬರುತ್ತೇವೆ. ಹಾಗೆ ತಂದದ್ದನ್ನು ಮತ್ತೆ ಕೇಳುವುದು ಅದೇ ಫೋನಿನ ಸಾಸಿವೆಯಷ್ಟು ಸ್ಪೀಕರಿನಲ್ಲಿ. ಅಜ್ಜಿಯ ದನಿಯಲ್ಲಿ ಏನಿತ್ತು ಎಂಬುದು ರೆಕಾರ್ಡ್ ಮಾಡಿದವರಿಗೂ ಪೂರ್ತಿ ಗೊತ್ತಾಗುವುದಿಲ್ಲ. ಹಾಗಾಗಿ ಸ್ಟೀರಿಯೊ ನಮ್ಮ ಪಾಲಿಗೆ ಶೋಕಿಯ ವಸ್ತುವಲ್ಲ.

ಫೋನಿನಲ್ಲಿ ಏನು ಹೋಗುತ್ತದೆ ಎಂಬುದಕ್ಕೆ ಧಾರವಾಡ ಸೀಮೆಯದೇ ಉದಾಹರಣೆ ಕೊಡಬಹುದು. ಮಲ್ಲಿಕಾರ್ಜುನ ಮನ್ಸೂರರದೋ ಗಂಗೂಬಾಯಿ ಹಾನಗಲ್ಲರದೋ ಒಂದು ರೆಕಾರ್ಡಿಂಗ್ ಹಾಕಿ. ಗಂಡಸರು ಹಾಡುವ ಕರಿ ಒಂದರ ಶ್ರುತಿಯಲ್ಲಿ ತಂಬೂರಿಯ ಖರ್ಜದ ತಂತಿ ಸುಮಾರು 70 ಹರ್ಟ್ಜ್‌ನಲ್ಲಿ ನುಡಿಯುತ್ತದೆ. ಫೋನಿನ ಸ್ಪೀಕರಿಗೆ ಅಷ್ಟು ಕೆಳಗಿನ ಸ್ವರವನ್ನು ಕೇಳುವಂತೆ ನುಡಿಸುವ ಶಕ್ತಿಯೇ ಇಲ್ಲ. ಮೇಲಿನ ಅಂಶಗಳನ್ನು ಹಿಡಿದು ನಮ್ಮ ಮಿದುಳು ಅದನ್ನು ಊಹಿಸಿಕೊಳ್ಳುತ್ತದೆ, ಹಾಗಾಗಿ ಹಾಡು ತಿಳಿಯುತ್ತದೆ. ಆದರೆ ತಬಲಾದ ಎಡಗೈ ಸತ್ತುಹೋಗುತ್ತದೆ, ತಂಬೂರಿ ಸೊಳ್ಳೆಯ ಗುಂಯ್‌ಗುಡುವಿಕೆ ಆಗುತ್ತದೆ. ಬ್ಲೂಟೂತ್ ಡಬ್ಬಿ ಈ ಕೊರತೆಯನ್ನು ಸ್ವಲ್ಪ ತುಂಬುತ್ತದೆ, ಆದರೆ ಎಲ್ಲವೂ ಒಂದೇ ತೂತಿನಿಂದ ಬಂದಂತೆ ಕೇಳುತ್ತದೆ. ಗಾಯಕರು ನಡುವೆ, ತಬಲಾ ಒಂದು ಪಕ್ಕ, ಹಾರ್ಮೋನಿಯಂ ಇನ್ನೊಂದು ಪಕ್ಕ ಕೂತಂತೆ ಕೇಳಬೇಕಾದರೆ ದನಿ ದೂರದೂರದ ಎರಡು ಜಾಗದಿಂದ ಬರಬೇಕು. ಬ್ರಿಟಿಷ್ ಎಂಜಿನಿಯರ್ ಅಲನ್ ಬ್ಲುಮ್ಲೈನ್ 1931ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ್ದು ಇದೇ ವಿಚಾರಕ್ಕೆ. ಎರಡು ಕಿವಿಗೆ ಎರಡು ಸ್ಪೀಕರು, ಇದಕ್ಕೆ ಅಡ್ಡದಾರಿ ಇಲ್ಲ.

ಇನ್ನು ಅಂಗಡಿಯ ಮಾತು. ದೀಪಾವಳಿ ಬಂದರೆ ತಾಲ್ಲೂಕು ಕೇಂದ್ರದ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಮುಂದೆ ಸೌಂಡ್‌ಬಾರ್, ಟವರ್ ಸ್ಪೀಕರುಗಳ ಸಾಲು ನಿಲ್ಲುತ್ತದೆ. ಬಣ್ಣಬಣ್ಣದ ದೀಪ, ಕಂತಿನ ಚೀಟಿ, ಮೇಲೊಂದು ದೊಡ್ಡ ಅಂಕಿ: ಇಷ್ಟು ಸಾವಿರ ವ್ಯಾಟ್ ಪಿಎಂಪಿಒ. ಈ ಪಿಎಂಪಿಒ ಎಂಬುದಕ್ಕೆ ಒಪ್ಪಿತ ಅಳತೆಯೇ ಇಲ್ಲ. ತಯಾರಿಸಿದವರು ಬರೆದದ್ದೇ ಲೆಕ್ಕ. ಕೇಳಬೇಕಾದದ್ದು ಆರ್‌ಎಂಎಸ್ ವ್ಯಾಟ್, ಅಂದರೆ ಬಿಡದೆ ಕೊಡಬಲ್ಲ ಶಕ್ತಿ. ಅದೂ ಮನೆಗೆ ಬಹಳ ಬೇಕಿಲ್ಲ. ಆಂಪ್ಲಿಫೈಯರಿನ ವ್ಯಾಟನ್ನು ಎರಡರಷ್ಟು ಮಾಡಿದರೆ ಹೆಚ್ಚುವುದು 3 ಡೆಸಿಬಲ್ ಮಾತ್ರ. ಕಿವಿಗೆ ‘ಎರಡರಷ್ಟು ಜೋರು’ ಅನ್ನಿಸಲು ಸುಮಾರು ಹತ್ತರಷ್ಟು ವ್ಯಾಟ್ ಬೇಕು. ಒಂದು ಸಾಧಾರಣ ಪುಸ್ತಕದ ಕಪಾಟಿನ ಸ್ಪೀಕರು ಒಂದೇ ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 86 ಡೆಸಿಬಲ್ ಕೊಡುತ್ತದೆ. ನಾವು ಎದುರುಬದುರು ಕೂತು ಮಾತಾಡುವುದು 60ರ ಆಸುಪಾಸಿನಲ್ಲಿ. ಹತ್ತು ಅಡಿ–ಹನ್ನೆರಡು ಅಡಿ ಕೋಣೆಗೆ ಹದಿನೈದು–ಇಪ್ಪತ್ತು ನಿಜವಾದ ವ್ಯಾಟ್ ಧಾರಾಳವಾಯಿತು. ದೊಡ್ಡ ಅಂಕಿಗೆ ಕೊಡುವ ದುಡ್ಡು ಹೋಗುವುದು ದೀಪಕ್ಕೆ.

ಹತ್ತು ಸಾವಿರವನ್ನು ನಾವು ಹೀಗೆ ಹಂಚುತ್ತೇವೆ: ಎರಡು ಸ್ಪೀಕರಿಗೆ ಆರು ಸಾವಿರ, ಆಂಪ್ಲಿಫೈಯರು ಮತ್ತು ಅಡಾಪ್ಟರಿಗೆ ಎರಡು ಸಾವಿರ, ಫೋನಿನಿಂದ ದನಿ ತೆಗೆಯುವ ಡಾಂಗಲ್ಲಿಗೆ ಮತ್ತು ವೈರಿಗೆ ಒಂದೂವರೆ ಸಾವಿರ, ಉಳಿದ ಐನೂರು ಮೆಕ್ಯಾನಿಕ್ಕಿನ ಕೂಲಿಗೆ. ಸ್ಪೀಕರಿಗೇ ಯಾಕೆ ಸಿಂಹಪಾಲು? ಇವತ್ತು ಅಗ್ಗದ ಆಂಪ್ಲಿಫೈಯರೂ ಸ್ವರವನ್ನು ಬಹಳ ಕೆಡಿಸುವುದಿಲ್ಲ. ಕೆಟ್ಟ ಸ್ಪೀಕರು ಮಾತ್ರ ಎಂಥ ಹಾಡನ್ನೂ ಡಬ್ಬ ಬಡಿದಂತೆ ಮಾಡುತ್ತದೆ.

ಆರು ಸಾವಿರದಲ್ಲಿ ಹೊಸದು ಕೊಳ್ಳುವುದಕ್ಕಿಂತ ಹಳೆಯದು ಹುಡುಕುವುದು ಮೇಲು. ಒಂದು ಕಾಲಕ್ಕೆ ಪೇಟೆಯ ಮನೆಗಳಲ್ಲಿ ಮೆರೆದ ಸಿಡಿ, ಕ್ಯಾಸೆಟ್ ಮ್ಯೂಸಿಕ್ ಸಿಸ್ಟಮ್ಮುಗಳು ಈಗ ಅಟ್ಟ ಸೇರಿವೆ. ಅವುಗಳ ಕ್ಯಾಸೆಟ್ ಭಾಗ ಕೆಟ್ಟಿರಬಹುದು, ಮರದ ಪೆಟ್ಟಿಗೆಯ ಸ್ಪೀಕರುಗಳು ಎಷ್ಟೋ ಸಲ ಗಟ್ಟಿಯಾಗಿಯೇ ಇರುತ್ತವೆ. ರಿಪೇರಿ ಅಂಗಡಿಯ ಮೂಲೆಯಲ್ಲಿ, ಬೆಂಗಳೂರಿಗೆ ಹೋದಾಗ ಎಸ್.ಪಿ. ರಸ್ತೆಯ ಸಂದಿಗಳಲ್ಲಿ ವಿಚಾರಿಸಿ. ಕೊಳ್ಳುವ ಮುಂಚೆ ನಾಲ್ಕು ಪರೀಕ್ಷೆ ಮಾಡಿ.

ಮೊದಲನೆಯದು, ಕೋನಿನ ಸುತ್ತ ಇರುವ ಅಂಚನ್ನು ಬೆರಳಲ್ಲಿ ಮುಟ್ಟಿ. ಅದು ಫೋಮಾಗಿದ್ದರೆ ವಯಸ್ಸಾದ ಮೇಲೆ ಹಪ್ಪಳದಂತೆ ಪುಡಿಯಾಗುತ್ತದೆ. ರಬ್ಬರು ಅಥವಾ ಬಟ್ಟೆಯದಾದರೆ ಬಾಳಿಕೆ ಹೆಚ್ಚು. ಎರಡನೆಯದು, ಕೋನನ್ನು ಎರಡೂ ಕಡೆಯಿಂದ ಸಮವಾಗಿ, ಮೆಲ್ಲಗೆ ಒತ್ತಿ. ಕರಕರ ಅಂದರೆ ಒಳಗಿನ ಸುರುಳಿ ಉಜ್ಜುತ್ತಿದೆ, ಬಿಟ್ಟುಬಿಡಿ. ಮೂರನೆಯದು, ಮಲ್ಟಿಮೀಟರ್ ಇದ್ದರೆ ಹಿಡಿಯಿರಿ. 8 ಓಮಿನ ಸ್ಪೀಕರು 6ರ ಸುತ್ತಮುತ್ತ ತೋರಿಸಿದರೆ ಸರಿ. ಮೀಟರ್ ಇಲ್ಲದಿದ್ದರೆ ಒಂದು ಸಾದಾ ಪೆನ್ಸಿಲ್ ಸೆಲ್ ಸಾಕು. ವೈರಿಗೆ ಕ್ಷಣಮಾತ್ರ ಮುಟ್ಟಿಸಿದಾಗ ಟಕ್ ಅಂತ ಕೋನು ಅಲುಗಬೇಕು. ನಾಲ್ಕನೆಯದೇ ಮುಖ್ಯ, ಹಾಡಲ್ಲ, ಮಾತು ಹಾಕಿ ಕೇಳಿ. ಆಕಾಶವಾಣಿಯ ವಾರ್ತೆ ಓದುವವರ ದನಿ ನಮಗೆಲ್ಲ ಪರಿಚಿತ. ಅದು ಮೂಗಿನಿಂದ ಬಂದಂತೆ, ಬಾವಿಯಿಂದ ಬಂದಂತೆ ಕೇಳಿದರೆ ಆ ಸ್ಪೀಕರು ಯಾವ ಕಂಪನಿಯದಾದರೂ ಬೇಡ. ಡೋಲಿನ ಹಾಡಿನಲ್ಲಿ ಮುಚ್ಚಿಹೋಗುವ ಐಬು ಮನುಷ್ಯನ ಮಾತಿನಲ್ಲಿ ಮುಚ್ಚುವುದಿಲ್ಲ.

ಆಂಪ್ಲಿಫೈಯರಿನ ವಿಷಯದಲ್ಲಿ ಕಾಲ ನಮ್ಮ ಕಡೆಗಿದೆ. ಹಿಂದೆ ಊರಿನ ರೇಡಿಯೊ ಮೆಕ್ಯಾನಿಕ್ಕು 4440 ಐಸಿ ಹಾಕಿ, ತಗಡಿನ ಡಬ್ಬಿಯಲ್ಲಿ ಟ್ರಾನ್ಸ್‌ಫಾರ್ಮರ್ ಕೂರಿಸಿ ಆಂಪ್ಲಿಫೈಯರ್ ಕಟ್ಟಿಕೊಡುತ್ತಿದ್ದರು. ಈಗ ಅಂಗೈಯಗಲದ ಕ್ಲಾಸ್-ಡಿ ಬೋರ್ಡುಗಳಿವೆ. 3116 ಎಂಬ ಐಸಿ ಇರುವ ಬೋರ್ಡು ಕೇಳಿ, ಸಾವಿರದೊಳಗೆ ಸಿಗುತ್ತದೆ. ಹಳೆಯ ಲ್ಯಾಪ್‌ಟಾಪಿನ 19 ವೋಲ್ಟ್ ಅಡಾಪ್ಟರ್ ಕೊಟ್ಟರೆ 8 ಓಮಿನ ಸ್ಪೀಕರುಗಳಿಗೆ ತಲಾ ಇಪ್ಪತ್ತು ವ್ಯಾಟಿನ ಆಸುಪಾಸು ಕೊಡುತ್ತದೆ. 12 ವೋಲ್ಟ್ ಬ್ಯಾಟರಿಯಿಂದಲೂ ನಡೆಯುತ್ತದೆ, ಆಗ ಎಂಟೊಂಬತ್ತು ವ್ಯಾಟ್. ಕರೆಂಟು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂದು ಲೈನ್‌ಮನ್ನಿಗೂ ಗೊತ್ತಿಲ್ಲದ ಊರುಗಳಲ್ಲಿ ಇದು ಸಣ್ಣ ಅನುಕೂಲವಲ್ಲ. ಒಂದು ಎಚ್ಚರಿಕೆ: ಈ ಬೋರ್ಡುಗಳಲ್ಲಿ ಎಡ, ಬಲ ಸ್ಪೀಕರಿನ ಮೈನಸ್ ವೈರುಗಳನ್ನು ಹಳೆಯ ರೂಢಿಯಂತೆ ಒಂದುಗೂಡಿಸಬಾರದು, ಬೋರ್ಡು ಸುಡಬಹುದು. ಬ್ಯಾಟರಿಯಿಂದ ಕೊಡುವುದಾದರೆ ನಡುವೆ ಒಂದು ಫ್ಯೂಸ್ ಇರಲಿ.

ವೈರಿನ ಬಗ್ಗೆ ಎರಡೇ ಮಾತು. ಮನೆ ವೈರಿಂಗಿಗೆ ಹಾಕುವ 1.5 ಚದರ ಮಿಲಿಮೀಟರ್ ತಾಮ್ರದ ವೈರು ಸಾಕು. ಮೂರು ಮೀಟರ್ ದೂರಕ್ಕೆ ಹೋಗಿಬರುವ ವೈರಿನ ತಡೆ ಒಂದು ಓಮಿನ ಹತ್ತನೇ ಒಂದು ಭಾಗವೂ ಆಗುವುದಿಲ್ಲ. ಚಿನ್ನದ ಬಣ್ಣದ ವೈರು ಮಾರುವವರಿಗೆ ದೂರದಿಂದಲೇ ನಮಸ್ಕಾರ ಹೇಳಿ. ಆದರೆ ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಕೂಡಿಸುವುದನ್ನು ತಪ್ಪಿಸಬೇಡಿ. ಒಂದು ಕಡೆ ಅದಲುಬದಲಾದರೆ ಕೆಳಗಿನ ಸ್ವರಗಳು ಒಂದನ್ನೊಂದು ತಿಂದುಹಾಕುತ್ತವೆ. ಸರಿಯಾಗಿದ್ದರೆ ಹಾಡುವವರ ದನಿ ಎರಡು ಸ್ಪೀಕರಿನ ನಡುವೆ, ಏನೂ ಇಲ್ಲದ ಜಾಗದಲ್ಲಿ ನಿಂತಂತೆ ಕೇಳುತ್ತದೆ.

ದುಡ್ಡಿಲ್ಲದೆ ಆಗುವ ದೊಡ್ಡ ಸುಧಾರಣೆ ಕೋಣೆಯದು. ಆರ್‌ಸಿಸಿ ಚಾವಣಿ, ಟೈಲ್ಸ್ ನೆಲ, ಬೋಳು ಗೋಡೆ ಇರುವ ನಮ್ಮ ಹೊಸ ಮನೆಗಳು ದನಿಗೆ ಶತ್ರುಗಳು. ಚಪ್ಪಾಳೆ ತಟ್ಟಿದರೆ ಗೋಡೆಯೂ ತಟ್ಟುತ್ತದೆ. ನೆಲಕ್ಕೆ ಜಮಖಾನೆ ಹಾಸಿ, ನೀವು ಕೂರುವ ಹಿಂದಿನ ಗೋಡೆಗೆ ಅವ್ವ ಹೊಲಿದ ಕೌದಿ ತೂಗುಹಾಕಿ. ಸ್ಪೀಕರುಗಳನ್ನು ಟಿ.ವಿ. ಮೇಜಿನ ಕೆಳಗೆ ತುರುಕದೆ, ಕಿವಿಯ ಎತ್ತರಕ್ಕೆ, ಗೋಡೆಯಿಂದ ಒಂದಡಿ ಮುಂದಕ್ಕಿಡಿ. ಅವೆರಡರ ನಡುವೆ ಎಷ್ಟು ದೂರವೋ ನೀವೂ ಅಷ್ಟೇ ದೂರ ಕೂರಿ. ಮೂಲೆಗೆ ಸರಿಸಿದರೆ ಬೇಸ್ ಹೆಚ್ಚುತ್ತದೆ, ಜೊತೆಗೆ ಗುಡುಗುಡು ಅನ್ನುವುದೂ ಹೆಚ್ಚುತ್ತದೆ. ಇಷ್ಟು ಮಾಡಿದ ಹಳೆಯ ಸ್ಪೀಕರು, ಇದ್ಯಾವುದೂ ಮಾಡದ ದುಬಾರಿ ಸ್ಪೀಕರಿಗಿಂತ ಚೆನ್ನಾಗಿ ನುಡಿಯಬಲ್ಲದು.

ಈ ಸೆಟ್ಟಿನಲ್ಲಿ ಗಣೇಶನ ಮೆರವಣಿಗೆಯ ಡಿಜೆಯಂತೆ ಎದೆ ನಡುಗುವುದಿಲ್ಲ. ಆರಿಂಚಿನ ಕೋನಿಗೆ ಅದು ಆಗದ ಕೆಲಸ. ಅದು ಬೇಕಾದವರಿಗೆ ಈ ಬರಹ ಅಲ್ಲ. ಶಬ್ದ ಮಾಲಿನ್ಯದ 2000ದ ನಿಯಮಗಳಲ್ಲಿ ವಾಸದ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಎಂದಿದೆ. ಒಳ್ಳೆಯ ಸ್ಟೀರಿಯೊದ ಗುಣವೇ ಸಣ್ಣ ದನಿಯಲ್ಲೂ ಎಲ್ಲ ಕೇಳಿಸುವುದು. ಪಕ್ಕದ ಮನೆಯವರ ಜೊತೆ ಜಗಳವಿಲ್ಲದೆ ರಾತ್ರಿ ಹತ್ತಕ್ಕೂ ಒಂದು ಭೈರವಿ ಕೇಳಬಹುದು.

‘ಇಷ್ಟೆಲ್ಲ ತಾಪತ್ರಯ ಯಾಕೆ, ಒಂದು ಡಬ್ಬಿ ತಂದು ಸ್ವಿಚ್ ಒತ್ತಿದರೆ ಆಯಿತಲ್ಲ’ ಎನ್ನುವವರಿಗೆ ನಮ್ಮ ಉತ್ತರ ಇದು. ಆ ಡಬ್ಬಿಯೊಳಗಿನ ಬ್ಯಾಟರಿ ಒಂದಲ್ಲ ಒಂದು ದಿನ ಸಾಯುತ್ತದೆ. ಅಂಟು ಹಾಕಿ ಮುಚ್ಚಿದ ಡಬ್ಬಿಯನ್ನು ಊರಿನಲ್ಲಿ ಯಾರೂ ಬಿಚ್ಚಲಾರರು. ಜಿಲ್ಲಾ ಕೇಂದ್ರದ ಸರ್ವಿಸ್ ಸೆಂಟರಿಗೆ ಎರಡು ಬಸ್ಸು ಹತ್ತಿ ಹೋದರೆ ‘ಹೊಸದೇ ತಗೊಳ್ಳಿ ಸರ್’ ಎಂಬ ಸಲಹೆ ಸಿಗುತ್ತದೆ. ನಾವು ಹೇಳುವ ಸೆಟ್ಟಿನಲ್ಲಿ ನಾಲ್ಕು ಬಿಡಿಭಾಗ. ಬೋರ್ಡು ಸುಟ್ಟರೆ ಬೋರ್ಡು ಮಾತ್ರ ಬದಲಿಸಿ, ಅಡಾಪ್ಟರ್ ಹೋದರೆ ಅಡಾಪ್ಟರ್ ಮಾತ್ರ. ಸ್ಪೀಕರು ಇಪ್ಪತ್ತು ವರ್ಷ ಕೂತಲ್ಲೇ ಕೂತಿರುತ್ತದೆ.

ಬಿಚ್ಚಬಹುದಾದ ಸಾಮಾನು ಮನೆಗಳಲ್ಲಿ ಇದ್ದರೆ ಮಾತ್ರ ಬಿಚ್ಚಬಲ್ಲವರು ಊರಿನಲ್ಲಿ ಉಳಿಯುತ್ತಾರೆ. ಬಸ್‌ಸ್ಟ್ಯಾಂಡಿನ ಪಕ್ಕದ ರೇಡಿಯೊ ರಿಪೇರಿ ಅಂಗಡಿಗಳು ಒಂದೊಂದಾಗಿ ಮೊಬೈಲ್ ಕವರು, ರೀಚಾರ್ಜಿನ ಅಂಗಡಿಗಳಾದವು. ಉಳಿದ ಕೆಲವರು ಕಣ್ಣಿಗೆ ದಪ್ಪ ಕನ್ನಡಕ ಹಾಕಿಕೊಂಡು ಮಿಕ್ಸಿಯ ಮೋಟಾರು ಕಟ್ಟುತ್ತ ಕೂತಿದ್ದಾರೆ. ಯಾವ ಐಟಿಐ ಸರ್ಟಿಫಿಕೇಟೂ ಇಲ್ಲದೆ ಕಿವಿಯಿಂದಲೇ ಐಬು ಹೇಳುವ ವಿದ್ಯೆ ಅವರದು. ಅವರ ಬಗ್ಗೆ ‘ಅಳಿವಿನಂಚಿನಲ್ಲಿ ರೇಡಿಯೊ ರಿಪೇರಿ’ ಎಂದು ನಾವು ವರ್ಷಕ್ಕೊಂದು ಫೀಚರ್ ಬರೆಯುವುದಕ್ಕಿಂತ, ಐನೂರು ರೂಪಾಯಿ ಕೂಲಿ ಕೊಟ್ಟು ಒಂದು ಆಂಪ್ಲಿಫೈಯರ್ ಕಟ್ಟಿಸುವುದು ಅವರಿಗೆ ಹೆಚ್ಚು ಉಪಯೋಗದ ಕೆಲಸ.

ಹತ್ತು ಸಾವಿರ ನಮ್ಮಂಥವರಿಗೆ ಸಣ್ಣ ದುಡ್ಡಲ್ಲ, ಒಂದೇ ಸಲಕ್ಕೆ ಹೊಂದಿಸಬೇಕಾಗಿಯೂ ಇಲ್ಲ. ಈ ತಿಂಗಳು ಸ್ಪೀಕರು, ಮುಂದಿನ ತಿಂಗಳು ಬೋರ್ಡು, ಆಮೇಲೆ ಡಾಂಗಲ್ಲು. ಸೆಟ್ಟು ಕೂಡಿದ ದಿನ ಸಿನಿಮಾ ಹಾಡು ಆಮೇಲೆ ಹಾಕಿ, ಮೊದಲು ನಿಮ್ಮ ಫೋನಿನಲ್ಲಿರುವ ಆ ಹಳೆಯ ರೆಕಾರ್ಡಿಂಗುಗಳನ್ನು ಹಾಕಿ. ಸಾಧ್ಯವಾದರೆ ಹಾಡಿದವರನ್ನೇ ಮನೆಗೆ ಕರೆದು ಕೂರಿಸಿ. ಊರಿಗೆಲ್ಲ ಹಾಡಿದವರಲ್ಲಿ ಎಷ್ಟೋ ಜನ ತಮ್ಮ ದನಿಯನ್ನು ಇನ್ನೂ ಒಮ್ಮೆಯೂ ಸರಿಯಾಗಿ ಕೇಳಿಲ್ಲ.