ವೈದ್ಯರ ಬೆನ್ನ ಹಿಂದೆ ನಿಲ್ಲಲೂ ವಶೀಲಿ ಬೇಕೆ?

ಬೇಸಿಗೆಯ ರಜೆ ಬಂತೆಂದರೆ, ಮುಂದೆ ವೈದ್ಯರಾಗಬೇಕೆಂಬ ಆಸೆ ಹೊತ್ತ ಅಮೆರಿಕದ ಹೈಸ್ಕೂಲು ಹುಡುಗ ಹುಡುಗಿಯರು ಆಸ್ಪತ್ರೆಗಳ ಬಾಗಿಲು ತಟ್ಟುತ್ತಾ ಹೊರಡುತ್ತಾರೆ. ‘ಷ್ಯಾಡೋಯಿಂಗ್’ ಎಂದು ಅದಕ್ಕೆ ಹೆಸರು; ನೆರಳಿನಂತೆ ವೈದ್ಯನ ಹಿಂದೆ ನಡೆಯುವುದು. ರೋಗಿಯನ್ನು ಮುಟ್ಟುವಂತಿಲ್ಲ, ಮದ್ದು ಹೇಳುವಂತಿಲ್ಲ. ಮೂಲೆಯಲ್ಲಿ ನಿಂತು ನೋಡಬೇಕು, ವೈದ್ಯನಿಗೆ ಬಿಡುವಾದಾಗ ಕೇಳಬೇಕು. ಕೂಲಿ ಇಲ್ಲ. ಮುಂದೆ ಕಾಲೇಜಿಗೆ ಅರ್ಜಿ ಹಾಕುವಾಗ ಮಾತ್ರ ಈ ಅನುಭವಕ್ಕೆ ಬೆಲೆಯುಂಟು.

ಕೇಳಲು ಎಷ್ಟು ಸರಳ! ಆದರೆ ಬಾಗಿಲು ತೆರೆಯುವುದು ಯಾರಿಗೆ? 1996ರ ಹಿಪಾ ಶಾಸನದ ಕೆಳಗೆ ರೋಗಿಯ ಗುಟ್ಟು ಕಾಯುವ ನಿಯಮಗಳು ಬಂದಿವೆ. ಕೆಲವು ಆಸ್ಪತ್ರೆಗಳು 16 ವರ್ಷ ತುಂಬಿರಬೇಕೆಂದರೆ ಕೆಲವು 18 ಎನ್ನುತ್ತವೆ. ಕ್ಷಯದ ಪರೀಕ್ಷೆ, ಚುಚ್ಚುಮದ್ದಿನ ದಾಖಲೆ ಕೇಳುತ್ತವೆ. ಈ ನಿಯಮಗಳನ್ನು ನಾವು ದೂರುವುದಿಲ್ಲ. ಆದರೆ ನಿಯಮ ಬಿಗಿಯಾದಷ್ಟೂ ವಶೀಲಿಯ ಬೆಲೆ ಏರುತ್ತದೆ. ವೈದ್ಯನ ಮಗನಿಗೆ ಊಟದ ಮೇಜಿನ ಮೇಲೆಯೇ ಅನುಮತಿ ದೊರೆಯುತ್ತದೆ. ಗೋದಾಮಿನಲ್ಲಿ ಮೂಟೆ ಹೊರುವವನ ಮಗಳು ಹತ್ತು ಕಡೆ ಪತ್ರ ಬರೆದು ಉತ್ತರಕ್ಕಾಗಿ ಕಾಯುತ್ತಾಳೆ. ರಜೆಯಲ್ಲಿ ದುಡಿದರೇ ಮನೆ ನಡೆಯುವ ಹುಡುಗನಿಗೆ ಕೂಲಿಯಿಲ್ಲದೆ ನಿಂತು ನೋಡುವ ಭಾಗ್ಯ ಎಲ್ಲಿಂದ ಬರಬೇಕು? ಈ ತೊಡಕನ್ನೂ ಸರಕಾಗಿ ಮಾರುವ ವ್ಯಾಪಾರಿಗಳಿದ್ದಾರೆ; ಸಾವಿರಾರು ಡಾಲರು ಶುಲ್ಕದ ಬೇಸಿಗೆ ಶಿಬಿರಗಳು ಅಲ್ಲಿ ನಡೆಯುತ್ತವೆ.

ಫಲವೇನು? ಅಮೆರಿಕದ ವೈದ್ಯ ಕಾಲೇಜುಗಳ ಸಂಘವೇ 2018ರಲ್ಲಿ ಲೆಕ್ಕ ಕೊಟ್ಟಿತು. ಆದಾಯದ ಪ್ರಕಾರ ಕುಟುಂಬಗಳನ್ನು ಐದು ಪಾಲು ಮಾಡಿದರೆ, ವೈದ್ಯ ವ್ಯಾಸಂಗಕ್ಕೆ ಸೇರುವವರಲ್ಲಿ ಸುಮಾರು ಮುಕ್ಕಾಲು ಭಾಗ ಮೇಲಿನ ಎರಡು ಪಾಲಿನವರು. ಮೂರು ದಶಕಗಳಲ್ಲಿ ಇದು ಕದಲಲಿಲ್ಲವೆಂದೂ ಆ ಸಂಘವೇ ಹೇಳಿತು.

ಅಲ್ಲಿಯೂ ಬೇರೆ ದಾರಿ ಹಿಡಿದವರು ಇಲ್ಲದಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 1980ರ ದಶಕದ ಕೊನೆಯಲ್ಲಿ ಇಬ್ಬರು ವಿದ್ಯಾರ್ಥಿಗಳು ಬಡ ಕುಟುಂಬಗಳ ಹೈಸ್ಕೂಲು ಮಕ್ಕಳಿಗಾಗಿ ಒಂದು ಬೇಸಿಗೆ ಯೋಜನೆ ಕಟ್ಟಿದರು. ಶುಲ್ಕವಿಲ್ಲದೆ ಐದು ವಾರ ಅಲ್ಲಿಯೇ ಉಳಿಸಿಕೊಂಡು, ಆಸ್ಪತ್ರೆಯ ಒಳಗೆಲ್ಲ ಓಡಾಡಿಸಿ ಕೆಲಸ ತೋರಿಸಿದರು. ದೊಡ್ಡ ಮಂಡಳಿಗಳು ಮಾಡಬೇಕಾದ್ದನ್ನು ಇಬ್ಬರು ಹುಡುಗರು ಮಾಡಿದರೆಂಬುದು ನೆನಪಿರಲಿ.

ದೂರದೇಶದ ಈ ಮಾತು ಗಿರಣಿಯವರಿಗೇಕೆ ಎಂದು ಕೇಳಬಹುದು. ನಮ್ಮಲ್ಲಿ ವೈದ್ಯ ಸೀಟಿಗೆ ನೀಟ್ ಅಂಕವೇ ಲೆಕ್ಕ. ಆಸ್ಪತ್ರೆ ಕಂಡವನಿಗೂ ಕಾಣದವನಿಗೂ ಒಂದೇ ತಕ್ಕಡಿ. ನಿಜ. ಆದರೆ ಕೋಚಿಂಗಿಗೆಂದು ಅಪ್ಪ ಸಾಲ ಮಾಡುವ ಮೊದಲು, ರಕ್ತ ಕಂಡರೆ ತನಗೆ ತಲೆ ಸುತ್ತುವುದೋ, ನರಳುವವನ ಬಳಿ ನಿಲ್ಲುವ ತಾಳ್ಮೆ ತನಗಿದೆಯೋ ಎಂದು ಮಗ ತಿಳಿಯಬೇಡವೆ? ದಾದಿ, ಕಾಂಪೌಂಡರ್, ಕ್ಷಕಿರಣ ತೆಗೆಯುವವರು, ರಕ್ತ ಪರೀಕ್ಷಿಸುವವರು, ಇವರೂ ಸೇರಿಯೇ ಆಸ್ಪತ್ರೆ. ವೈದ್ಯನಾಗದಿದ್ದರೆ ಬದುಕೇ ಮುಗಿಯಿತೆಂದು ಎಳೆಯ ಮಕ್ಕಳು ಕೊರಗುವುದು ಇದನ್ನು ಕಾಣದಿರುವುದರಿಂದಲೂ ಹೌದು.

ಕಾರ್ಮಿಕನ ಸಂಬಳದಿಂದ 2019ರ ಜುಲೈ ತಿಂಗಳಿಂದ ನೂರು ರೂಪಾಯಿಗೆ 75 ಪೈಸೆ, ಮಾಲಿಕನಿಂದ 3 ರೂಪಾಯಿ 25 ಪೈಸೆ ಇ.ಎಸ್.ಐ. ನಿಧಿಗೆ ಸಂದಾಯವೆಂದು ಗೊತ್ತಾಗಿದೆ. ಈ ಹಣದಿಂದ ನಡೆಯುವ ಆಸ್ಪತ್ರೆಯಲ್ಲಿ ಕಾರ್ಮಿಕನ ಮಗ ರೋಗಿಯಾಗಿ ಮಾತ್ರ ಕಾಲಿಡಬೇಕೆ? ಪ್ರತಿ ಬೇಸಿಗೆಯಲ್ಲೂ ಎರಡು ವಾರ, ಅರ್ಜಿ ಕರೆದು, ಚೀಟಿ ಎತ್ತಿ, ಇಷ್ಟು ಮಕ್ಕಳನ್ನು ಒಳಗೆ ಬಿಡಲಿ. ಇ.ಎಸ್.ಐ. ಇಲ್ಲದ ಅಂಗಡಿಕಾರರ ಮಕ್ಕಳಿಗೆ ಜಿಲ್ಲಾ ಆಸ್ಪತ್ರೆಗಳು ಇದೇ ಕ್ರಮ ಅನುಸರಿಸಲಿ. ಒಂದು ಷರತ್ತು: ರೋಗಿಯನ್ನು ಮೊದಲು ಕೇಳಬೇಕು, ಬೇಡವೆಂದರೆ ಮಕ್ಕಳು ಹೊರಗೆ ನಡೆಯಬೇಕು. ಧರ್ಮಾಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದವನಿಗೂ ಮಾನವಿದೆ.

ಇನ್ನೊಂದು ಸಂಗತಿ ಹಲವರಿಗೆ ತಿಳಿದಂತಿಲ್ಲ. ಬೆಂಗಳೂರಿನ ರಾಜಾಜಿನಗರದಲ್ಲೂ ಕಲಬುರಗಿಯಲ್ಲೂ ಇ.ಎಸ್.ಐ. ನಿಗಮದ ವೈದ್ಯ ಕಾಲೇಜುಗಳಿವೆ. ವಿಮಾದಾರರ ಮಕ್ಕಳಿಗೆಂದೇ ಅಲ್ಲಿ ಕೆಲವು ಸೀಟುಗಳು ಮೀಸಲು. ನೀಟ್‌ನಲ್ಲಿ ಅರ್ಹತೆ ಪಡೆಯುವುದರ ಜೊತೆಗೆ, ವಿಮಾದಾರರ ಮಕ್ಕಳೆಂಬ ಪ್ರಮಾಣಪತ್ರವನ್ನು ನಿಗಮದಿಂದ ಸಕಾಲಕ್ಕೆ ಪಡೆದಿರಬೇಕು.