ಸ್ವಗೃಹ ವಿಕ್ರಯ ಮತ್ತು ಬಾಡಿಗೆಯ ಬಾಯಿ

ಒಂದು ಕ್ವಿಂಟಲ್ ಕಡಲೆಯ ದರವನ್ನಾಗಲಿ, ಒಂದು ತೊಲೆ ಬಂಗಾರದ ಒರೆಯನ್ನಾಗಲಿ ಪರರ ಬಾಯಿಂದ ಹೇಳಿಸಲು ಒಪ್ಪದ ನಮ್ಮ ವರ್ತಕ ಬಾಂಧವರು, ತಾವು ಹುಟ್ಟಿ ಬೆಳೆದ ಮನೆಯನ್ನು ಮಾರುವ ಪ್ರಸಂಗ ಬಂದೊಡನೆ ಬೀಗದ ಕೈಯನ್ನು ದಲ್ಲಾಳಿಗೊಪ್ಪಿಸಿ ಒಳಕೋಣೆಗೆ ಸರಿದುಬಿಡುತ್ತಾರೆ. ಕೊಳ್ಳಲು ಬಂದವರು ಪಡಸಾಲೆಯಲ್ಲಿ ನಿಂತು ಗೋಡೆ ತಟ್ಟಿ ನೋಡುತ್ತಿರುವಾಗ ಮನೆಯೊಡೆಯರು ದಿನಪತ್ರಿಕೆಯ ಮರೆಯಲ್ಲಿ ಕುಳಿತಿರುವುದನ್ನು ನಾನು ಹತ್ತಾರು ಕಡೆ ಕಂಡಿದ್ದೇನೆ. ಇದು ಕೇವಲ ಅನುಕೂಲದ ವಿಷಯವೆಂದು ಬಹುಜನರು ಭಾವಿಸಿದ್ದಾರೆ. ಆ ಭಾವನೆಯನ್ನು ಖಂಡಿಸುವುದೇ ಈ ಲೇಖನದ ಉದ್ದೇಶ. ಊರಿನಲ್ಲೇ ವಾಸವಾಗಿದ್ದು, ಮೈಯಲ್ಲಿ ಕಸುವಿದ್ದು, ಲೆಕ್ಕಪತ್ರ ಬಲ್ಲವನಾದ ಗೃಹಸ್ಥನು ತನ್ನ ಮನೆಯನ್ನು ತಾನೇ ನಿಂತು ಮಾರತಕ್ಕದ್ದು.

ದಲ್ಲಾಳಿಯ ಪರವಾಗಿ ಹೇಳುವ ಕಾರಣಗಳು ಸಾಮಾನ್ಯವಾಗಿ ಮೂರು: ಗಿರಾಕಿಗಳನ್ನು ಅವನೇ ಬಲ್ಲ, ಕಾಗದಪತ್ರ ಅವನೇ ಬಲ್ಲ, ಚೌಕಾಶಿ ಅವನಿಗೇ ಒಗ್ಗುತ್ತದೆ. ಮೊದಲೆರಡು ಕಾರಣಗಳಿಗೆ ಇಂದು ಬಲವಿಲ್ಲ. ಉಳಿದಿರುವುದು ಮೂರನೆಯದು, ಅದನ್ನು ಸ್ವಲ್ಪ ಕೆದಕಿ ನೋಡಿದರೆ ಒಳಗೆ ಬೇರೊಂದು ಕಾರಣ ಸಿಗುತ್ತದೆ. ಮಳೆಗಾಲದಲ್ಲಿ ಹಿಂದಿನ ಗೋಡೆ ತೇವ ಹಿಡಿಯುವುದು, ಕೊಳವೆಬಾವಿ ಏಪ್ರಿಲ್ ಹೊತ್ತಿಗೆ ಬತ್ತುವುದು, ಮಾಳಿಗೆಯ ಮೇಲಿನ ಎರಡು ಕೋಣೆಗಳಿಗೆ ನಕ್ಷೆಯಲ್ಲಿ ಮಂಜೂರಾತಿ ಇಲ್ಲದಿರುವುದು, ಪಕ್ಕದ ಮನೆಯವರೊಡನೆ ಒಂದೂವರೆ ಅಡಿ ಓಣಿಗಾಗಿ ವ್ಯಾಜ್ಯವಿರುವುದು ಮನೆಯೊಡೆಯನಿಗೆ ಚೆನ್ನಾಗಿ ಗೊತ್ತು. ಇವುಗಳನ್ನು ಬಾಯಿಬಿಟ್ಟು ಹೇಳಲು ಬೆಲೆ ಕುಗ್ಗೀತೆಂಬ ಭಯ; ಇಲ್ಲವೆನ್ನಲು ಮನಸ್ಸಿನ ಅಳುಕು. ಆದ್ದರಿಂದ ಒಂದು ಬಾಯನ್ನು ಬಾಡಿಗೆಗೆ ಹಿಡಿಯುತ್ತೇವೆ. ನಾವು ಕೊಡುವ ಶೇಕಡಾ ಒಂದೋ ಎರಡೋ ದಲಾಲಿಯಲ್ಲಿ ಬಹುಪಾಲು ಈ ಬಾಡಿಗೆಯೇ ಎಂಬುದು ನನ್ನ ನಿಶ್ಚಿತ ಅಭಿಪ್ರಾಯ.

ಬೇರೆ ಸಮಾಜದವರು ಇದನ್ನು ಜಾಣತನವೆಂದು ಬಿಟ್ಟುಬಿಡಬಹುದು. ಕೃತ, ಕಾರಿತ, ಅನುಮೋದಿತ ಎಂಬ ಮೂರು ಮಾತುಗಳನ್ನು ಪಾಠಶಾಲೆಯಲ್ಲೇ ಕಲಿತ ನಮಗೆ ಆ ಸೌಲಭ್ಯವಿಲ್ಲ. ತಾನು ಮಾಡಿದ್ದು, ಅನ್ಯರಿಂದ ಮಾಡಿಸಿದ್ದು, ಮಾಡಿದವರನ್ನು ಕಂಡು ಸೈ ಎಂದದ್ದು ಮೂರೂ ಆಸ್ರವಕ್ಕೆ ಕಾರಣವೆಂದು ಒಪ್ಪಿದ ಮೇಲೆ ದಲ್ಲಾಳಿಯ ನಾಲಿಗೆಯ ಮೇಲಿನ ಸುಳ್ಳು ನಮ್ಮ ಖಾತೆಗೇ ಜಮಾ ಆಗುತ್ತದೆ. ಚಾಕರನ ಕೈಯಿಂದ ಪ್ರಾಣಿಯನ್ನು ಕೊಲ್ಲಿಸಿ 'ನಾನು ಮುಟ್ಟಲಿಲ್ಲ' ಎನ್ನುವವನನ್ನು ನಾವು ಶ್ರಾವಕನೆನ್ನುವುದಿಲ್ಲ. ಸತ್ಯಾಣುವ್ರತಕ್ಕೆ ಮಾತ್ರ ಈ ರಿಯಾಯಿತಿ ಎಲ್ಲಿಂದ ಬಂತು?

ಧರ್ಮದ ಮಾತು ಹಾಗಿರಲಿ, ದೇಶದ ಕಾಯಿದೆಯೂ ಇದನ್ನೇ ಹೇಳುತ್ತದೆ. 1882ರ ಸ್ವತ್ತು ಹಸ್ತಾಂತರ ಕಾಯಿದೆಯ 55ನೆಯ ಕಲಮು ಮಾರುವವನ ಮೇಲೆ ಹೊರಿಸಿದ ಮೊದಲನೆಯ ಕರ್ತವ್ಯವೇ ದೋಷಪ್ರಕಟನೆ. ಸ್ವತ್ತಿನಲ್ಲಾಗಲಿ ಅದರ ಹಕ್ಕಿನಲ್ಲಾಗಲಿ ತನಗೆ ತಿಳಿದಿರುವ, ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ಕಂಡುಕೊಳ್ಳಲಾರದ ಮುಖ್ಯ ದೋಷವನ್ನು ಮಾರುವವನು ತಿಳಿಸಲೇಬೇಕು. ಮುಚ್ಚಿಟ್ಟರೆ ಅದು ವಂಚನೆಯೆನಿಸುತ್ತದೆ. 'ಕೊಳ್ಳುವವನು ಕಣ್ಣು ಬಿಟ್ಟು ನೋಡಿಕೊಳ್ಳಲಿ' ಎಂಬ ಪೇಟೆಯ ನೀತಿಗೆ ಇಲ್ಲಿ ಪೂರ್ಣ ಆಶ್ರಯವಿಲ್ಲ. ತೇವದ ಗೋಡೆಗೆ ಮಾರಾಟದ ಮುನ್ನಾ ವಾರ ಬಣ್ಣ ಬಳಿಸುವುದು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೇಳಿದ ಪ್ರತಿರೂಪಕ ವ್ಯವಹಾರಕ್ಕಿಂತ ಹೇಗೆ ಭಿನ್ನವೋ ನಾನರಿಯೆ. ತುಪ್ಪಕ್ಕೆ ವನಸ್ಪತಿ ಬೆರೆಸಿದರೆ ಮಾತ್ರ ಕಲಬೆರಕೆಯೇ?

ಆದರೆ ಗೋಡೆಯ ತೇವ ಸಣ್ಣ ವಿಷಯ. ನಮ್ಮ ಮನೆಗಳ ವಿಕ್ರಯದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಮುಚ್ಚಿಡಲ್ಪಡುವ ದೋಷವೆಂದರೆ ಹೇಳದೆ ಬಿಟ್ಟ ಅಕ್ಕತಂಗಿಯರು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಜೈನರಿಗೂ ಅನ್ವಯಿಸುತ್ತದೆ. ಉಯಿಲು ಬರೆಯದೆ ತೀರಿಹೋದ ತಂದೆಯ ಸ್ವಯಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಪಾಲು ಆ ಕಾಯಿದೆಯಿಂದಲೇ ಬಂದಿದೆ. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ತಿದ್ದುಪಡಿ ಅವಿಭಕ್ತ ಕುಟುಂಬದ ಆಸ್ತಿಯಲ್ಲಿಯೂ ಅವಳನ್ನು ಹುಟ್ಟಿನಿಂದ ಸಹಭಾಗಿಯನ್ನಾಗಿಸಿತು. ಆ ದಿನ ತಂದೆ ಬದುಕಿರಲೇಬೇಕೆಂಬ ವಾದವನ್ನು ಸರ್ವೋಚ್ಚ ನ್ಯಾಯಾಲಯ 2020ರ ಆಗಸ್ಟ್‌ನಲ್ಲಿ ತಳ್ಳಿಹಾಕಿತು. ಇಷ್ಟೆಲ್ಲ ಆದ ಮೇಲೂ 'ಮದುವೆಯಲ್ಲಿ ಕೊಟ್ಟಾಗಿದೆ, ಅವರದೇನೂ ತಕರಾರಿಲ್ಲ' ಎಂಬ ಒಂದು ವಾಕ್ಯದಿಂದ ದಲ್ಲಾಳಿ ವಿಷಯ ಮುಗಿಸುತ್ತಾನೆ. ಕೊಳ್ಳುವವನು ಸಾಲ ಮಾಡಿ ಬಂದ ಶಾಲೆಯ ಮಾಸ್ತರನಿರಬಹುದು. ಐದು ವರ್ಷಗಳ ನಂತರ ಬಾಗಲಕೋಟೆಯಿಂದಲೋ ಸಾಂಗಲಿಯಿಂದಲೋ ಪಾಲು ಕೇಳುವ ದಾವೆಯ ನೋಟೀಸು ಬಂದು ಅವನ ಬಾಗಿಲು ತಟ್ಟುತ್ತದೆ. ಮನೆಯೊಡೆಯನೇ ಎದುರು ಕುಳಿತಿದ್ದರೆ 'ನಿಮಗೆ ಒಡಹುಟ್ಟಿದವರೆಷ್ಟು ಜನ?' ಎಂಬ ಸಹಜ ಪ್ರಶ್ನೆಯೊಂದೇ ಸಾಕಾಗುತ್ತಿತ್ತು. ಆ ಪ್ರಶ್ನೆ ತಮ್ಮವರೆಗೆ ಬರಬಾರದೆಂದೇ ಕೆಲವರು ಒಳಕೋಣೆಯಲ್ಲಿ ಕುಳಿತಿರುತ್ತಾರೆ.

ಇನ್ನು ಎರಡು ಬಣ್ಣದ ಹಣದ ಮಾತು. ಮಾರಾಟದ ಮೊತ್ತದಲ್ಲಿ ಇಷ್ಟು 'ಬಿಳಿ', ಇಷ್ಟು 'ಕಪ್ಪು' ಎಂದು ಹಂಚುವ ಕೆಲಸ ದಲ್ಲಾಳಿಯ ವಿಶೇಷ ವಿದ್ಯೆಯೆಂದು ಪ್ರಸಿದ್ಧವಾಗಿದೆ. ಕರ್ನಾಟಕದಲ್ಲಿ 45 ಲಕ್ಷ ರೂಪಾಯಿಗೆ ಮೇಲ್ಪಟ್ಟ ಸ್ವತ್ತಿಗೆ ಮುದ್ರಾಂಕ ಶುಲ್ಕ ಶೇ. 5, ಸೆಸ್ಸು, ಸರ್ಚಾರ್ಜು ಸೇರಿ ನಗರಗಳಲ್ಲಿ ಶೇ. 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರ ಬದಲು 2 ಆಗಿದೆ. ಹೊರೆ ಹೆಚ್ಚೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಇಮ್ಮಡಿಸಿದ ನೋಂದಣಿ ಶುಲ್ಕಕ್ಕೆ ಸರ್ಕಾರ ಹೇಳಿದ ಸಮರ್ಥನೆ ನನಗೆ ಒಪ್ಪಿಗೆಯೂ ಆಗಿಲ್ಲ. ಆದರೂ 80 ಲಕ್ಷಕ್ಕೆ ಮಾರಿದ ಮನೆಯನ್ನು 55 ಲಕ್ಷವೆಂದು ಪತ್ರದಲ್ಲಿ ಬರೆಯುವುದಕ್ಕೆ ನಮ್ಮ ಆಚಾರ್ಯರು ಶತಮಾನಗಳ ಹಿಂದೆಯೇ ಕೂಟಲೇಖಕ್ರಿಯೆಯೆಂದು ಹೆಸರಿಟ್ಟಿದ್ದಾರೆ. ರಾಜ್ಯದ ಕಟ್ಟಳೆಯನ್ನು ಮೀರುವುದು ವಿರುದ್ಧರಾಜ್ಯಾತಿಕ್ರಮ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ಪರ್ಯುಷಣದಲ್ಲಿ ಕೈಮುಗಿದು ಕೇಳಿ, ದೀಪಾವಳಿಯೊಳಗೆ ಕ್ರಯಪತ್ರದಲ್ಲಿ ಅದೇ ಅತಿಚಾರಗಳಿಗೆ ರುಜು ಹಾಕುವುದು ಯಾವ ಶ್ರಾವಕಾಚಾರ?

ಸರಿಯಾಗಿ ಲೆಕ್ಕ ಹಾಕಿದರೆ ಇದರಲ್ಲಿ ಲಾಭವೂ ಅಷ್ಟಕ್ಕಷ್ಟೇ. ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚು ಮೊತ್ತವನ್ನು ನಗದಾಗಿ ಪಡೆಯುವುದು 2015ರ ಜೂನ್ 1ರಿಂದ ನಿಷಿದ್ಧ. ಪಡೆದಷ್ಟೇ ಮೊತ್ತದ ದಂಡ ವಿಧಿಸಬಹುದು. ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವನು ಶೇ. 1 ತೆರಿಗೆ ಮುರಿದು ಕಟ್ಟಬೇಕಾಗಿರುವುದರಿಂದ ವ್ಯವಹಾರ ತಾನಾಗಿ ಇಲಾಖೆಯ ಕಣ್ಣಿಗೆ ಬೀಳುತ್ತದೆ. ಬಂಡವಾಳ ಲಾಭದ ತೆರಿಗೆಯೂ ಜನ ಹೆದರುವಷ್ಟಿಲ್ಲ. ದೀರ್ಘಕಾಲ ಹೊಂದಿದ್ದ ಮನೆಗೆ 2024ರ ಜುಲೈ 23ರಿಂದ ದರ ಶೇ. 12.5, ಅದಕ್ಕೆ ಮೊದಲೇ ಕೊಂಡ ಮನೆಯಾದರೆ ದೇಶವಾಸಿಯು ಬೆಲೆಯೇರಿಕೆಯ ಸೂಚ್ಯಂಕ ಹಿಡಿದು ಶೇ. 20ರ ಹಳೆಯ ಲೆಕ್ಕವನ್ನೂ ಹಾಕಿ, ಯಾವುದು ಕಡಿಮೆಯೋ ಅದನ್ನು ಕಟ್ಟಬಹುದು. ಬೇರೆ ವಾಸದ ಮನೆ ಕೊಂಡರೆ ವಿನಾಯಿತಿ ಉಂಟು. ಇದನ್ನು ಹೇಳಬೇಕಾದವರು ಲೆಕ್ಕಪರಿಶೋಧಕರು. ದಲ್ಲಾಳಿ ಹೇಳುವುದಿಲ್ಲ, ಹೇಳಿದರೆ ಅವನ ವಿದ್ಯೆಗೆ ಬೆಲೆಯಿಲ್ಲ.

ದಲ್ಲಾಳಿಯು ಮಾರುವವನಿಗೆ ಹೆಚ್ಚಿನ ಬೆಲೆ ತಂದುಕೊಡುತ್ತಾನೆಂಬ ನಂಬಿಕೆಯನ್ನೂ ತಕ್ಕಡಿಗೆ ಹಾಕೋಣ. 80 ಲಕ್ಷದ ಮನೆಗೆ ಶೇ. 2ರಂತೆ ಅವನ ಪಾಲು 1,60,000 ರೂಪಾಯಿ. ಬೆಲೆಯನ್ನು 76 ಲಕ್ಷಕ್ಕೆ ಇಳಿಸಿ ಈ ವಾರವೇ ವ್ಯವಹಾರ ಕುದುರಿಸಿದರೆ ಅವನಿಗೆ ನಷ್ಟ 8,000. ಮನೆಯೊಡೆಯನಿಗೆ ನಷ್ಟ 4 ಲಕ್ಷ. ಆ 8,000ಕ್ಕಾಗಿ ಇನ್ನೆರಡು ತಿಂಗಳು ಬಿಸಿಲಲ್ಲಿ ತಿರುಗುವಷ್ಟು ಮೂಢನಾದ ದಲ್ಲಾಳಿಯನ್ನು ನಾನಂತೂ ನೋಡಿಲ್ಲ. ಕೊಳ್ಳುವವನಿಂದಲೂ ಅಷ್ಟೇ ಪಡೆಯುವುದು ನಮ್ಮ ಊರುಗಳ ರೂಢಿ. ಒಂದೇ ತಕ್ಕಡಿಯ ಎರಡೂ ತಟ್ಟೆಗಳ ಮೇಲೆ ಕೈಯಿಟ್ಟವನಿಂದ ಸರಿತೂಕವನ್ನು ನಿರೀಕ್ಷಿಸುವುದು ವ್ಯಾಪಾರ ಬಲ್ಲವರಿಗೆ ಶೋಭಿಸದು.

ದಲ್ಲಾಳಿ ವೃತ್ತಿಯೇ ಹೀನವೆಂದು ನಾನು ಹೇಳುತ್ತಿರುವೆನೆಂದು ಯಾರೂ ತಿಳಿಯಬಾರದು. ಎಪಿಎಂಸಿ ಪ್ರಾಂಗಣದ ದಲಾಲಿ ಅಂಗಡಿಗಳಲ್ಲಿ ನಮ್ಮವರೇ ಎಷ್ಟೋ ಮಂದಿ ತಲೆಮಾರುಗಳಿಂದ ಗೌರವದಿಂದ ಬಾಳಿದ್ದಾರೆ. ಅಲ್ಲಿ ಲೈಸೆನ್ಸುಂಟು, ತೂಕ ಎಲ್ಲರೆದುರಿಗೆ, ಹರಾಜು ಬಹಿರಂಗ, ದರ ಪುಸ್ತಕದಲ್ಲಿ ದಾಖಲು. ಮನೆಯ ದಲ್ಲಾಳಿತನವಾದರೋ ದನದ ಸಂತೆಯಲ್ಲಿ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಮುಗಿಸುವ ಪದ್ಧತಿಗೆ ಹತ್ತಿರದ್ದು. ಬೆರಳು ಹಿಡಿದವರಿಬ್ಬರಿಗಲ್ಲದೆ ದರ ಮೂರನೆಯವರಿಗೆ ತಿಳಿಯದು. 2016ರ ರೇರಾ ಕಾಯಿದೆ ಏಜೆಂಟರಿಗೆ ನೋಂದಣಿ ವಿಧಿಸಿದ್ದು ನಿಜ. ಆದರೆ ಅದು ನೋಂದಾಯಿತ ನಿರ್ಮಾಣ ಯೋಜನೆಗಳಲ್ಲಿನ ಮಾರಾಟಕ್ಕೆ ಸಂಬಂಧಿಸಿದ್ದು. ಅಜ್ಜ ಕಟ್ಟಿಸಿದ ತೊಟ್ಟಿಮನೆಯನ್ನು ಮಾರಿಸಿಕೊಡಲು ಬರುವವನಿಗೆ ಕೈಯಲ್ಲೊಂದು ಮೊಬೈಲಿದ್ದರೆ ಸಾಕು.

ಕಾಗದಪತ್ರದ ಭಯವೂ ಹಳೆಯ ಕಾಲದ್ದು. ಋಣಭಾರ ಪತ್ರವನ್ನು ಕಾವೇರಿ ತಂತ್ರಾಂಶದ ಮೂಲಕ ಮನೆಯಲ್ಲೇ ಕುಳಿತು ಪಡೆಯಬಹುದು. ಮಾರ್ಗಸೂಚಿ ಬೆಲೆ ಬಹಿರಂಗವಾಗಿದೆ. ಅದು ಪೇಟೆಯ ಬೆಲೆಯಲ್ಲ, ಆದರೆ ಲೆಕ್ಕ ಪ್ರಾರಂಭಿಸಲು ಒಂದು ನೆಲೆ. ಅದೇ ಬೀದಿಯಲ್ಲಿ ಈಚೆಗೆ ಕೈಬದಲಾದ ನಾಲ್ಕಾರು ಮನೆಗಳ ಬೆಲೆಯನ್ನು ವಿಚಾರಿಸಿ ತಾಳೆ ನೋಡಿದರೆ ನ್ಯಾಯವಾದ ದರ ಹೊರಬೀಳುತ್ತದೆ. ಇ-ಖಾತಾ ಇಲ್ಲದೆ ನಗರದ ಸ್ವತ್ತಿನ ನೋಂದಣಿಯಾಗದಾದ್ದರಿಂದ ಅದನ್ನು ಮೊದಲೇ ಮಾಡಿಸಿಡಬೇಕು. ಮೂಲಪತ್ರ, ತೆರಿಗೆ ರಸೀದಿ, ಮಂಜೂರಾದ ನಕ್ಷೆ, ವಂಶವೃಕ್ಷ, ಪಾಲುದಾರರೆಲ್ಲರ ರುಜು ಇವುಗಳನ್ನು ಒಬ್ಬ ವಕೀಲರಿಗೆ ತೋರಿಸಿ ಗೊತ್ತಾದ ಸಂಭಾವನೆ ಕೊಡಿ. ವಕೀಲರ ಸಂಭಾವನೆ ಮನೆಯ ಬೆಲೆಯೊಡನೆ ಏರಿಳಿಯುವುದಿಲ್ಲವಾದ್ದರಿಂದ ಅವರು ಸತ್ಯ ಹೇಳಿದರೆ ಅವರಿಗೇನೂ ನಷ್ಟವಿಲ್ಲ. ಇವೆಲ್ಲಕ್ಕಿಂತ ಮುಖ್ಯವಾಗಿ, ಮನೆಯ ದೋಷಗಳನ್ನು ಒಂದು ಹಾಳೆಯಲ್ಲಿ ಬರೆದು, ರುಜು ಹಾಕಿ, ಕರಾರಿಗೆ ಮೊದಲೇ ಕೊಳ್ಳುವವನ ಕೈಗೆ ಕೊಡಿ. ಗಿರಾಕಿ ಓಡಿಹೋಗುತ್ತಾನೆಂದು ನಗುವವರುಂಟು. ಒಬ್ಬಿಬ್ಬರು ಓಡಿಹೋಗಬಹುದು. ಉಳಿದವನು ದೋಷ ತಿಳಿದೇ ಕೊಂಡವನಾದ್ದರಿಂದ ಮುಂದೆ ಅದೇ ದೋಷವನ್ನು ಹಿಡಿದು ನಿಮ್ಮ ಮಕ್ಕಳನ್ನು ಕೋರ್ಟಿಗೆ ಎಳೆಯಲಾರ.

ವಯೋವೃದ್ಧರು, ಒಂಟಿಯಾಗಿರುವ ವಿಧವೆಯರು, ಮಕ್ಕಳು ಅಮೆರಿಕದಲ್ಲಿರುವವರು ಏನು ಮಾಡಬೇಕೆಂಬ ಪ್ರಶ್ನೆ ನ್ಯಾಯವಾದದ್ದು. ಅಪರಿಚಿತರನ್ನು ಮನೆಯೊಳಗೆ ಬಿಟ್ಟುಕೊಳ್ಳುವುದು ಅಂಥವರಿಗೆ ಅಪಾಯವೇ. ಬಂಧುಗಳಲ್ಲೊಬ್ಬರು, ಇಲ್ಲವೇ ಸಮಾಜದ ನಿವೃತ್ತ ಬ್ಯಾಂಕ್ ನೌಕರರೊಬ್ಬರು ಜೊತೆಯಲ್ಲಿ ಕುಳಿತರೆ ಸಾಕು. ನಮ್ಮ ಯುವಕ ಮಂಡಲಗಳಿಗೆ ಮೆರವಣಿಗೆಗಿಂತ ಇದು ಉತ್ತಮ ಸೇವೆಯಾದೀತು. ದಲ್ಲಾಳಿಯೇ ಬೇಕೆಂದರೆ ಅವನು ಮಾಡುವ ಓಡಾಟಕ್ಕೆ ಕೂಲಿ ಗೊತ್ತುಮಾಡಿ, ಗುಣದೋಷಗಳ ಮಾತನ್ನು ಮಾತ್ರ ಸ್ವತಃ ಆಡಬೇಕು. ತಿರುಗಾಟ ತಪ್ಪಿಸಲೆಂದು ಜನರಲ್ ಪವರ್ ಆಫ್ ಅಟಾರ್ನಿ ಬರೆದುಕೊಟ್ಟು ಮಾರಾಟವಾಯಿತೆಂದು ಕೈತೊಳೆದುಕೊಳ್ಳಕೂಡದು. ಅಂಥ ಪತ್ರದಿಂದ ಸ್ವಾಮ್ಯ ವರ್ಗವಾಗದೆಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲೇ ಸ್ಪಷ್ಟಪಡಿಸಿದೆ.

ಕೆಲವು ಓದುಗರಿಗೆ ಅಪ್ರಿಯವಾಗಬಹುದಾದರೂ ಇನ್ನೊಂದು ವಿಷಯವನ್ನು ಹೇಳದೆ ಬಿಡಲಾರೆ. ಕೊಳ್ಳುವವರ ಹೆಸರು, ಜಾತಿ, ಊಟ ಇವುಗಳನ್ನು ಸೋಸುವ ಕೆಲಸವನ್ನೂ ನಾವು ದಲ್ಲಾಳಿಗೆ ವಹಿಸಿದ್ದೇವೆ. ಬೇಡದವರು ಬಂದರೆ 'ಮನೆ ಆಗಲೇ ಮಾರಾಟವಾಯಿತು' ಎಂದು ಅವನು ಹೇಳುತ್ತಾನೆ. ನೆರೆಯಲ್ಲಿ ಸಸ್ಯಾಹಾರಿಗಳಿರಲೆಂಬ ಅಪೇಕ್ಷೆ ಇದ್ದರೆ ಅದನ್ನು ಬಂದವರ ಮುಖ ನೋಡಿ ಹೇಳುವ ಧೈರ್ಯವಿರಬೇಕು, ಅವರ ಉತ್ತರ ಕೇಳುವ ತಾಳ್ಮೆಯೂ ಇರಬೇಕು. ಎದುರಿಗೆ ಕುಳಿತು ನೀರು ಕುಡಿದ ಸಜ್ಜನನೊಬ್ಬನಿಗೆ ಅವನ ಹೆಸರಿನ ಕಾರಣದಿಂದ ಇಲ್ಲವೆನ್ನಲು ನಮ್ಮಲ್ಲಿ ಎಷ್ಟು ಜನರ ನಾಲಿಗೆ ಏಳುತ್ತದೆ? ಅಹಿಂಸೆಯ ಹೆಸರಿನಲ್ಲಿ ಅಸತ್ಯವನ್ನಾಡಿಸಿ, ಆ ಮನುಷ್ಯ ಮೆಟ್ಟಿಲಿಳಿದು ಹೋಗುವಾಗ ಅವನಿಗಾಗುವ ನೋವನ್ನು ನೋಡದಿರುವುದಕ್ಕೆ ನಾವು ಹಣ ಕೊಡುತ್ತಿದ್ದೇವೆ.

ಕೊನೆಯದಾಗಿ ಬಸದಿಗಳ ಟ್ರಸ್ಟುಗಳಿಗೆ ಎರಡು ಮಾತು. ದಾನವಾಗಿ ಬಂದ ಮನೆಯನ್ನೋ ನಿವೇಶನವನ್ನೋ ಮಾರುವಾಗ ಟ್ರಸ್ಟಿಗಳು ತಮ್ಮದಲ್ಲದ ಸ್ವತ್ತನ್ನು ಮಾರುತ್ತಿರುತ್ತಾರೆ. ಖಾಸಗಿ ಗೃಹಸ್ಥನಿಗೆ ಹೇಳಿದ್ದು ಅವರಿಗೆ ಹತ್ತು ಪಾಲು ಹೆಚ್ಚಾಗಿ ಸಲ್ಲುತ್ತದೆ. ಮಹಾರಾಷ್ಟ್ರದಲ್ಲಿ ಸಾರ್ವಜನಿಕ ಟ್ರಸ್ಟಿನ ಸ್ಥಿರಾಸ್ತಿಯನ್ನು ಚಾರಿಟಿ ಕಮಿಷನರರ ಪೂರ್ವಾನುಮತಿ ಇಲ್ಲದೆ ಮಾರುವಂತಿಲ್ಲ. ಕೊಲ್ಲಾಪುರ, ಸಾಂಗಲಿಯ ಬಾಂಧವರಿಗೆ ಇದು ತಿಳಿದ ವಿಷಯ. ಯಾವ ರಾಜ್ಯದಲ್ಲಾಗಲಿ, ಕಾಯಿದೆ ಕೇಳಲಿ ಬಿಡಲಿ, ಮಾರಾಟದ ಠರಾವು, ಸ್ವತ್ತಿನ ವಿವರ, ಅಪೇಕ್ಷಿತ ಕನಿಷ್ಠ ಬೆಲೆ ಇವು ಬಸದಿಯ ಫಲಕದ ಮೇಲೂ ಎರಡು ದಿನಪತ್ರಿಕೆಗಳಲ್ಲೂ ಪ್ರಕಟವಾಗಲಿ. ಮೊಹರು ಹಾಕಿದ ಲಕೋಟೆಗಳು ಸಮಾಜದ ಸಭೆಯಲ್ಲಿ ಎಲ್ಲರೆದುರಿಗೆ ಒಡೆಯಲ್ಪಡಲಿ. ಟ್ರಸ್ಟಿಯಾದವನಾಗಲಿ ಅವನ ಬೀಗನಾಗಲಿ ಆ ವ್ಯವಹಾರದಲ್ಲಿ ಒಂದು ಪೈಸೆ ದಲಾಲಿಯನ್ನೂ ಮುಟ್ಟಕೂಡದೆಂದು ಟ್ರಸ್ಟಿನ ನಡವಳಿ ಪುಸ್ತಕದಲ್ಲಿ ಬರೆಯಿಸಿ, ಟ್ರಸ್ಟಿಗಳೆಲ್ಲರ ರುಜು ಪಡೆಯಿರಿ. ರುಜು ಹಾಕಲು ಹಿಂಜರಿದವರ ಹೆಸರನ್ನೂ ಅದೇ ಪುಟದಲ್ಲಿ ಬರೆಯಿಸಿರಿ.