ಬೀಸುಕಲ್ಲು ಗದ್ದಲವಲ್ಲ



ಕಳೆದ ಯುಗಾದಿಯ ಮರುದಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಶಹಾಪುರದಿಂದ ಬಂದು ಒಂದು ಪೆನ್ ಡ್ರೈವನ್ನು ನನ್ನ ಕೈಯಲ್ಲಿಟ್ಟ. ಸುರಪುರದ ನಮ್ಮ ಮನೆಯ ಪಡಸಾಲೆಯಲ್ಲಿ 1991ರಲ್ಲಿ ನಾನು ಧ್ವನಿಮುದ್ರಿಸಿಕೊಂಡಿದ್ದ ಅವ್ವನ ಐದು ಬೀಸುವ ಪದಗಳು ಅದರಲ್ಲಿದ್ದವು. ಕ್ಯಾಸೆಟ್ಟು ಹಾಳಾಗುವ ಮೊದಲು ಕಂಪ್ಯೂಟರಿಗೆ ಇಳಿಸಿಕೊಡಪ್ಪ ಎಂದು ನಾನೇ ಕೇಳಿಕೊಂಡಿದ್ದೆ. "ಸರ, ಕೇಳ್ರಿ, ಎಷ್ಟ್ ಕ್ಲೀನ್ ಆಗ್ಯದ ನೋಡ್ರಿ" ಎಂದು ಆತ ಸಂಭ್ರಮದಿಂದ ಹಾಕಿ ತೋರಿಸಿದ.

ಅವ್ವನ ಧ್ವನಿ ನಿಜಕ್ಕೂ ಸ್ಪಷ್ಟವಾಗಿತ್ತು. ಆದರೆ ಬೀಸುಕಲ್ಲಿನ ಸದ್ದು ಇರಲಿಲ್ಲ. ಆಕೆಯ ಕೆಮ್ಮು ಇರಲಿಲ್ಲ. ಎರಡನೆಯ ಹಾಡು ಮುಗಿದ ಮೇಲೆ, ಯಂತ್ರದ ಮುಂದೆ ಕುಳಿತ ನನ್ನನ್ನು ನೋಡಿ "ತಮ್ಮಾ, ಚಾ ಆರ್ತದ, ಮೊದಲ ಕುಡಿ" ಎಂದಿದ್ದಳು. ಅದೂ ಇರಲಿಲ್ಲ. ಯಾವುದೋ ಬರಿದಾದ ಕೋಣೆಯಲ್ಲಿ ಆಕೆಯೊಬ್ಬಳನ್ನೇ ನಿಲ್ಲಿಸಿ ಹಾಡಿಸಿದಂತಿತ್ತು.

ಹೇಗಾಯಿತೆಂದು ವಿಚಾರಿಸಿದೆ. ಆತ ತಾಳ್ಮೆಯಿಂದ ತನ್ನ ಲ್ಯಾಪ್‌ಟಾಪಿನಲ್ಲಿ ತೋರಿಸಿದ. 2000ದಿಂದಲೂ ಉಚಿತವಾಗಿ ದೊರೆಯುವ 'ಆಡಾಸಿಟಿ'ಯಂತಹ ತಂತ್ರಾಂಶದಲ್ಲಿ ಗದ್ದಲ ತೆಗೆಯುವ ಕ್ರಮ ಹೀಗಿದೆ: ಹಾಡಿಲ್ಲದ, ಬರಿಯ ಗದ್ದಲವಿರುವ ಒಂದು ತುಣುಕನ್ನು ನಾವು ಆರಿಸಿ ಕೊಡಬೇಕು. ಯಾವ ಯಾವ ಆವರ್ತನದಲ್ಲಿ ಅದು ಎಷ್ಟು ಬಲವಾಗಿದೆಯೆಂದು ಯಂತ್ರ ಅಳೆದಿಟ್ಟುಕೊಂಡು, ಇಡೀ ಮುದ್ರಣದಲ್ಲಿ ಅದನ್ನು ತಗ್ಗಿಸುತ್ತದೆ. ಆತ ಆರಿಸಿದ್ದು ಎರಡು ಸಾಲುಗಳ ನಡುವೆ ಕಲ್ಲು ಮಾತ್ರ ತಿರುಗುತ್ತಿದ್ದ ತುಣುಕನ್ನು. ಯಂತ್ರ ತಪ್ಪು ಮಾಡಲಿಲ್ಲ, ಹೇಳಿದಂತೆ ಕೇಳಿತು.

ಬೀಸುವ ಪದಕ್ಕೆ ತಬಲಾ ಇಲ್ಲ, ತಾಳವಿಲ್ಲ. ಕಲ್ಲಿನ ಸುತ್ತೇ ಅದರ ಲಯ. ಹಿಡಿ ಜೋಳ ಹಾಕುವಾಗ ಕೈ ನಿಧಾನವಾಗುತ್ತದೆ, ಸಾಲು ಕಾಯುತ್ತದೆ. ಕಲ್ಲಿನ ಸದ್ದು ಹೋದೊಡನೆ ಆ ಕಾಯುವಿಕೆ ವೃಥಾ ಮೌನವಾಗಿ ಕಂಡಿದೆ. ಆದ್ದರಿಂದ ಹುಡುಗ ಅದನ್ನೂ ಕತ್ತರಿಸಿ ಸಾಲುಗಳನ್ನು ಹತ್ತಿರ ಕೂಡಿಸಿದ್ದಾನೆ. ಒಂದು ಕತ್ತರಿ ಇನ್ನೊಂದು ಕತ್ತರಿಯನ್ನು ಕರೆಯಿತು.

ನಾನು ಈ ವಿದ್ಯೆಯ ವಿರೋಧಿಯಲ್ಲ. 1966ರಲ್ಲಿ ನಮ್ಮ ಗುಲಬರ್ಗಾ ಆಕಾಶವಾಣಿ ಆರಂಭವಾದ ಕಾಲದಲ್ಲಿ ರೇಡಿಯೋ ಕೇಂದ್ರಗಳಲ್ಲಿ ಟೇಪನ್ನು ಬ್ಲೇಡಿನಿಂದ ಕೊಯ್ದು ಅಂಟಿಸುತ್ತಿದ್ದರು. ಸೆಕೆಂಡಿಗೆ ಸುಮಾರು 19 ಸೆಂಟಿಮೀಟರ್ ಟೇಪು ಓಡುತ್ತಿತ್ತು. ಒಂದು ಕೆಮ್ಮೆಂದರೆ ಗೇಣುದ್ದ. ಕೂಡಿಸಿದ್ದು ಕಿವಿಗೆ ತಿಳಿಯದಿರಲೆಂದು ಓರೆಯಾಗಿ ಕೊಯ್ಯುತ್ತಿದ್ದರು. ಇಂದಿನ ಸಂಪಾದಕನೂ ಅದನ್ನೇ ಮಾಡುತ್ತಾನೆ. ಸಿ.ಡಿ.ಯ ಗುಣಮಟ್ಟದಲ್ಲಿ ಒಂದು ಸೆಕೆಂಡಿನ ಧ್ವನಿಯೆಂದರೆ 44,100 ಅಳತೆಗಳು. ಅಲೆ ಸೊನ್ನೆಯನ್ನು ದಾಟುವೆಡೆಯಲ್ಲೇ ಕತ್ತರಿಸಬೇಕು, ಇಲ್ಲವಾದರೆ 'ಟಕ್' ಎನ್ನುತ್ತದೆ. ಒಂದು ತುದಿ ಕ್ಷೀಣಿಸುತ್ತಿರುವಾಗಲೇ ಇನ್ನೊಂದು ಏರುವಂತೆ ಬೆಸೆಯಬೇಕು. ಇದು ಕುಶಲಕರ್ಮ. ಮೊಹರಂ ಪದದ ನಡುವೆ ಕೂಗಿದ ಮೋಟಾರಿನ ಹಾರ್ನನ್ನು ಯಾರಾದರೂ ತೆಗೆದರೆ ನನಗೆ ಸಂತೋಷವೇ.

ನನ್ನ ತಕರಾರು ಬೇರೆ. ನಾನು ಕನ್ನಡದ ಮೇಷ್ಟರು, ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥ ಸಂಪಾದನೆ'ಯನ್ನು ಓದಿದವನು. ಹಸ್ತಪ್ರತಿಯ ಪಾಠ ತಪ್ಪೆಂದು ತೋರಿದರೆ ಸಂಪಾದಕ ತಿದ್ದಬಹುದು. ಆದರೆ ಬಿಟ್ಟ ಪಾಠವನ್ನು ಪುಟದ ಅಡಿಯಲ್ಲಿ ಪಾಠಾಂತರವೆಂದು ಕೊಡುತ್ತಾನೆ, ಓಲೆಗರಿಯನ್ನು ಒಲೆಗೆ ಹಾಕುವುದಿಲ್ಲ. ನಾಳೆ ಬರುವವನೊಬ್ಬ ಇವನ ತಿದ್ದುಪಡಿಯೇ ತಪ್ಪೆಂದು ತೋರಿಸಲು ದಾರಿ ಉಳಿದಿರುತ್ತದೆ. ಸಂಪಾದನೆ ಎಂಬ ಮಾತಿಗೆ ಗಳಿಕೆ ಎಂಬ ಅರ್ಥವೂ ಉಂಟು. ಧ್ವನಿಯ ಸಂಪಾದನೆಗೂ ಇದೇ ನಿಯಮವಿರಬೇಕು: ಮೂಲ ಉಳಿಯಬೇಕು.

ಇಂದಿನ ತಂತ್ರಾಂಶಗಳಲ್ಲಿ ಇದು ಸುಲಭ. ಬಹುತೇಕ ಸಂಗೀತ ತಂತ್ರಾಂಶಗಳಲ್ಲಿ ತುಣುಕಿನ ಅಂಚನ್ನು ಕತ್ತರಿಸಿದರೂ ಅದು ಅಳಿಯುವುದಿಲ್ಲ, ಮರೆಯಾಗುತ್ತದೆ. ಎಳೆದರೆ ಮತ್ತೆ ಬರುತ್ತದೆ. ಆಡಾಸಿಟಿಗೂ 2021ರಲ್ಲಿ ಈ ಸೌಕರ್ಯ ಬಂತು. ಆದರೆ ನಮ್ಮ ಹುಡುಗ ಮೊದಲು ಇಳಿಸಿಕೊಂಡ ಕಡತದ ಮೇಲೆಯೇ, ಅದೇ ಹೆಸರಿನಲ್ಲಿ, ತೊಳೆದದ್ದನ್ನು ಉಳಿಸಿಬಿಟ್ಟಿದ್ದ. ಮತ್ತೆ ಇಳಿಸೋಣವೆಂದು ಕ್ಯಾಸೆಟ್ಟು ಹಾಕಿದಾಗ ರೀಲು ಸುತ್ತಿಕೊಂಡು ಮುದ್ದೆಯಾಯಿತು. ಮೂರು ಹಾಡುಗಳು ಹೋದವು. ಚಾ ಕುಡಿ ಎಂದ ಮಾತೂ ಅಲ್ಲಿಯೇ ಹೋಯಿತು.

ಆತ ಕಣ್ಣೀರು ತಂದುಕೊಂಡ. ನಾನು ಬೈಯಲಿಲ್ಲ; ಬೈಯುವ ಹಕ್ಕು ನನಗಿರಲಿಲ್ಲ. "ಚೊಕ್ಕ ಮಾಡಿಕೊಡಪ್ಪ" ಎಂದವನು ನಾನೇ. ಅಷ್ಟೇ ಅಲ್ಲ, ಇದೇ ಹುಡುಗ ಏಳನೆಯ ತರಗತಿಯಲ್ಲಿ "ನಮ್ಮಪ್ಪ ಹೊಲಕ್ಕ ಹೋಗ್ಯಾನ" ಎಂದು ಬರೆದಾಗ ಕೆಂಪು ಮಸಿಯಿಂದ ಗೀಚಿ "ಹೋಗಿದ್ದಾನೆ" ಎಂದು ತಿದ್ದಿದವನೂ ನಾನೇ. ಮನೆಯ ಸದ್ದನ್ನು ದೋಷವೆಂದು ಅವನಿಗೆ ಮೊದಲು ಕಲಿಸಿದವರು ಯಾರು?

ನಮ್ಮ ಸೀಮೆಯಲ್ಲಿ ಹಾಡಿಗೆ ಬರವಿಲ್ಲ. ತಿಂಥಣಿ ಮೌನೇಶ್ವರನ ಜಾತ್ರೆ, ಕೊಡೇಕಲ್ ಬಸವಣ್ಣನ ಕಾಲಜ್ಞಾನ, ಕಡಕೋಳ ಮಡಿವಾಳಪ್ಪನವರ ತತ್ವಪದಗಳ ಭಜನೆ, ಅಲಾಯಿ ಕುಣಿತದ ಪದ ಎಲ್ಲವೂ ಇವೆ. ಇಂದು ಪ್ರತಿಯೊಬ್ಬರ ಮೊಬೈಲಿನಲ್ಲಿ ಅಜ್ಜ ಅಜ್ಜಿಯರ ಧ್ವನಿಯಿದೆ. ಆದ್ದರಿಂದ ನಿಮ್ಮಲ್ಲಿ ನನ್ನ ವಿನಂತಿ ಇಷ್ಟೇ. ಏನನ್ನೂ ಮುಟ್ಟುವ ಮೊದಲು ಮೂಲವನ್ನು ಎರಡು ಕಡೆ ನಕಲು ಮಾಡಿಡಿ. ಕ್ಯಾಸೆಟ್ಟಿನಿಂದ ಇಳಿಸುವುದಾದರೆ ವೇವ್ ರೂಪದಲ್ಲಿಡಿ. ಎಂಪಿತ್ರೀ ಜಾಗ ಉಳಿಸಲೆಂದು ಧ್ವನಿಯ ಒಂದಂಶವನ್ನು ಬಿಟ್ಟುಬಿಡುತ್ತದೆ. ತಿದ್ದಿದ್ದಕ್ಕೆ ಬೇರೆ ಹೆಸರು ಕೊಡಿ. ಹಾಡಿದವರ ಹೆಸರು, ಊರು, ದಿನಾಂಕ ಬರೆದಿಡಿ. 1997ರಲ್ಲಿ ಬಂದ 'ಆಟೋಟ್ಯೂನ್' ಮಾದರಿಯ ಶ್ರುತಿ ತಿದ್ದುವ ಯಂತ್ರಕ್ಕೆ ಅವರನ್ನು ಒಪ್ಪಿಸಬೇಡಿ. ಅವರ ಸ್ವರ ಹಾರ್ಮೋನಿಯಂ ಮನೆಗಳ ನಡುವೆಯೂ ನಿಲ್ಲುತ್ತದೆ. ಅದು ಅವರದೇ ಸ್ವರ.

ಉಳಿದ ಎರಡು ಹಾಡುಗಳನ್ನು ಆ ಹುಡುಗನೇ ಮತ್ತೆ ಇಳಿಸಿಕೊಟ್ಟ, ಏನನ್ನೂ ತೊಳೆಯದೆ. ಮೊನ್ನೆ ಅವನ್ನು ಕೇಳುತ್ತಿದ್ದಾಗ ಮೊಮ್ಮಗಳು "ಅಜ್ಜಾ, ಈ ಗರ್ ಗರ್ ಸಪ್ಪಳ ಯಾತರದು?" ಎಂದಳು. ಹಿತ್ತಲಿಗೆ ಕರೆದೊಯ್ದು, ಮಣ್ಣಿನಲ್ಲಿ ಅರ್ಧ ಹೂತಿದ್ದ ಬೀಸುಕಲ್ಲನ್ನು ತೋರಿಸಿದೆ.